ಟ್ರೌಗಾಟ್ ತಿದ್ದಿದ ಸ್ವರ

ತೊಗರಿಬೇಳೆಯಷ್ಟೂ ಇಲ್ಲದ ಒಂದು ಕರಿ ಚುಕ್ಕೆ ಟ್ರೌಗಾಟ್‌ನ ಮಾನ ಕಳೆಯಿತು.

ಲೈಪ್ಸಿಗ್‌ನ ಝೊಯ್ಮರ್ ಯಜಮಾನರ ಸಂಗೀತದ ಹಾಳೆಗಳ ಅಚ್ಚುಮನೆಯಲ್ಲಿ ಅವನು ಸ್ವರ ಕೆತ್ತುವವನು. ತವರದ ತಗಡಿನ ಮೇಲೆ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಸ್ವರದ ಚುಕ್ಕೆಗಳನ್ನು ಉಳಿಯಿಂದ ಹೊಡೆಯಬೇಕು. ದಿನಕ್ಕೆ ಹನ್ನೆರಡು ಗಂಟೆ ಹಾಗೆ ಹೊಡೆದವನಿಗೆ ಮನೆಯ ದಾರಿಯೂ ತಿರುಗುಮುರುಗಾಗುತ್ತದೆ. ಯಜಮಾನರಿಗೆ ಅದೆಲ್ಲ ಬೇಕಿಲ್ಲ. ಮೊದಲ ತಪ್ಪಿಗೆ ಬೈಗುಳ, ಎರಡನೆಯದಕ್ಕೆ ಬಾಗಿಲು.

ಆ ಸೋಮವಾರ ಟ್ರೌಗಾಟ್ ಗಡ್ಡ ಹೆರೆಯುತ್ತಿದ್ದಾಗ ಮೇಲ್ಮನೆಯ ಒಟ್ಟೀಲಿಯೆ ಪಿಯಾನೊ ನುಡಿಸತೊಡಗಿದಳು. ಲೊರಿಂಗ್ ಸಾಹೇಬರು ಬರೆದ 'ಕೆರೆಗೆ ವಿದಾಯ'. ಎರಡೇ ಪುಟ; ಮೂರು ವರ್ಷ ಕಲಿತ ಹುಡುಗಿಯರು ನೆಂಟರ ಮುಂದೆ ನುಡಿಸಿ ನಿಟ್ಟುಸಿರು ಗಿಟ್ಟಿಸುವಂಥದ್ದು. ಎರಡನೆಯ ಸಾಲಿನ ಕೊನೆಗೆ ಒಂದು ಸ್ವರ ಇರಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಜಾರಿ ಬಿತ್ತು. ಮತ್ತೆ ನುಡಿಸಿದಳು, ಮತ್ತೆ ಬಿತ್ತು. ಆ ತಗಡು ಕೆತ್ತಿದವನು ತಾನೇ ಎಂದು ನೆನಪಾದದ್ದೇ ಟ್ರೌಗಾಟ್ ಕೆನ್ನೆ ಕೊಯ್ದುಕೊಂಡ.

ಮೇಲೆ ಓಡಿದ. ಹುಡುಗಿ ಪಾಠಶಾಲೆಗೆ ಹೊರಡುವ ತನಕ ಕಾದು, ಕೈಯಲ್ಲಿದ್ದ ಕ್ಷೌರದ ಕತ್ತಿಯಿಂದಲೇ ಪಿಯಾನೊ ಮೇಲಿನ ಹಾಳೆಯಲ್ಲಿ ಆ ಚುಕ್ಕೆ ಕೆರೆಯತೊಡಗಿದ. ಅವಳಮ್ಮ ಹೆಂಪೆಲಮ್ಮ ಕಾಫಿ ಹಿಡಿದು ಬಂದರು.

"ಹಾಳೆ ಹೆರೀತಿದೀಯಲ್ಲೋ, ನಿನ್ ಗಡ್ಡ ಮುಗೀತಾ?"

"ಒಂದು ಸ್ವರ ತಪ್ಪಿದೆ, ಹೆಂಪೆಲಮ್ಮ."

"ಯಾವ್ದು? ನಂಗೆ ಅಳು ಬರೋ ಸ್ವರಾನಾ?"

ಕೆಳಮನೆಯವನು ಮಗಳ ಪಿಯಾನೊದ ಹತ್ತಿರ ಕತ್ತಿ ಹಿಡಿದು ಕೂತಿದ್ದಾನೆಂದು ಅವರು ಮೆಟ್ಟಿಲಿಗೆಲ್ಲ ಸಾರಿದರು. ಮೂರು ಅಂತಸ್ತಿನಿಂದ ತಲೆಗಳು ಇಣುಕಿದವು. ಅರ್ಧ ಮುಖದಲ್ಲಿ ಸೋಪು ಇಟ್ಟುಕೊಂಡೇ ಟ್ರೌಗಾಟ್ ನೆನೆದ ಬೆಕ್ಕಿನಂತೆ ಇಳಿದು ಬಂದ. ಬೀದಿಯಲ್ಲೂ ಎರಡು ಕಿಟಕಿಗಳಿಂದ ಅದೇ ಸ್ವರ. ಪ್ರತಿ ಸಲವೂ ಯಾರೋ ತನ್ನ ಹೆಸರು ಹಿಡಿದು ಕೂಗಿದಂತಾಯಿತು.

ಅಚ್ಚುಮನೆಯಲ್ಲಿ ಎಲ್ಲರೂ ಊಟಕ್ಕೆ ಹೋದಾಗ ತಗಡು ಹೊರತೆಗೆದ. ಹಿಂದಿನಿಂದ ಬಡಿದು ತಪ್ಪು ಸ್ವರವನ್ನು ಸಮ ಮಾಡಿದ, ಉಜ್ಜಿದ, ಒಂದು ಮೆಟ್ಟಿಲು ಮೇಲೆ ಸರಿಯಾದದ್ದನ್ನು ಹೊಡೆದ. ಅಂದೇ ಎರಡನೆಯ ಮುದ್ರಣ. ಇನ್ನು ಯಾರಿಗೂ ತಿಳಿಯುವಂತಿಲ್ಲ.

ಇಳಿಹೊತ್ತಿಗೆ ಯಜಮಾನರ ಜೊತೆ ಲೊರಿಂಗ್ ಸಾಹೇಬರೇ ಬಂದರು.

"ಮೊದಲ ಅಚ್ಚಲ್ಲಿ ನಾನು ಬರೀದೇ ಇರೋ ಒಂದು ಸ್ವರ ಬಂತು. ಒಂದು ವಾರ ಊಟ ಸೇರ್ಲಿಲ್ಲ. ಈಗ ನೋಡಿದ್ರೆ ಊರೆಲ್ಲ ಅಲ್ಲೇ ಅಳ್ತಾರೆ. ಅದನ್ನ ಕೆತ್ತಿದೋನು ಯಾರು? ಕೈ ಕುಲುಕ್ಬೇಕು."

ಟ್ರೌಗಾಟ್‌ನ ಕೈ ತಾನಾಗಿ ಮೇಲೆದ್ದಿತು. ಸಾಹೇಬರು ತಬ್ಬಿಕೊಂಡರು, ಯಜಮಾನರು ಕೂಡ ಹಲ್ಲು ತೋರಿಸಿದರು.

ಅಷ್ಟರಲ್ಲಿ ಹೊಸ ಮುದ್ರಣದ ಹಸಿ ಹಾಳೆ ಬಂತು. ಸಾಹೇಬರು ಮೂಲೆಯ ಪಿಯಾನೊದ ಮುಂದೆ ಕೂತು ನುಡಿಸತೊಡಗಿದರು. ಎರಡನೆಯ ಸಾಲಿನ ಕೊನೆಗೆ ಅವರ ಬೆರಳು ನಿಂತಿತು.

"ಇದನ್ನ ಕೆಡಿಸಿದ ಕತ್ತೆ ಯಾವ್ದು?"

"ಅದು ನೀವೇ ಬರೆದ ಸ್ವರ, ಸಾಹೇಬ್ರೆ," ಎಂದ ಟ್ರೌಗಾಟ್, ನೆಲ ನೋಡುತ್ತ.

ಯಜಮಾನರು ಬೆರಳು ಮಡಚಿದರು. "ಕೆಡಿಸಿದ್ದು ಒಂದು, ತಿದ್ದಿದ್ದು ಎರಡು. ಬಾಗಿಲು ಅಲ್ಲಿದೆ."

ಉಳಿ, ಸುತ್ತಿಗೆಯ ಗಂಟು ಹೊತ್ತು ಮನೆಗೆ ಬಂದರೆ ಹೆಂಪೆಲಮ್ಮ ಹಾಳೆ ಹಿಡಿದು ಮೆಟ್ಟಿಲಲ್ಲೇ ಕೂತಿದ್ದರು. ಕೆರೆದ ಕಡೆ ತೂತು ಬಿದ್ದಿತ್ತು.

"ಬರಿ ಈಗ, ಮೊದ್ಲು ಹೇಗಿತ್ತೋ ಹಾಗೇ."

ಮೂರು ಅಂತಸ್ತಿನ ತಲೆಗಳೂ ನೋಡುತ್ತಿದ್ದಂತೆ, ಟ್ರೌಗಾಟ್ ತೂತಿಗೆ ಕಾಗದ ಅಂಟಿಸಿ, ತನ್ನ ತಪ್ಪನ್ನು ದುಂಡಗೆ ಬರೆದುಕೊಟ್ಟ.