ಮೂರನೇ ಗಂಟೆ ಮತ್ತು ಒಂದು ಬೀಗ

ಹೆಂಗಸರಿಗೂ ಮೂತ್ರ ಬರುತ್ತದೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಪುಣೆಯಲ್ಲಿ ಭಾಗೀರಥಿಬಾಯಿ ನಾಟ್ಯಮಂದಿರ ಕಟ್ಟಿಸಿದ ಟ್ರಸ್ಟಿನವರಿಗೆ ಮಾತ್ರ ಅದನ್ನು ಯಾರೂ ಹೇಳಿದಂತಿಲ್ಲ. ಒಂಬೈನೂರು ಕುರ್ಚಿಗಳ ಸಭಾಂಗಣ. ಹೆಂಗಸರ ಕಡೆ ಮೂರು ಬಾಗಿಲು. ಮೂರರಲ್ಲಿ ಒಂದಕ್ಕೆ ಚಿಲಕವಿಲ್ಲ, ಇನ್ನೊಂದಕ್ಕೆ ಬೀಗ. ಮಧ್ಯಂತರ ಹದಿನೈದು ನಿಮಿಷ.

ಭಾನುವಾರ ಮಧ್ಯಾಹ್ನದ ಆಟ. ಸಾಲಿನಲ್ಲಿ ಹದಿನೇಳನೆಯವಳಾಗಿ ಶುಭದಾ ಪೆಂಡ್ಸೆ ನಿಂತಿದ್ದಾಳೆ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಇಪ್ಪತ್ತೆಂಟು ವರ್ಷ ಕುಳಿತವಳು. ಇಷ್ಟು ದಿನ ಸಾಲಿನ ಮುಖ ನೋಡಿದ್ದಳು, ಈಗ ಬೆನ್ನು ನೋಡುತ್ತಿದ್ದಾಳೆ. ಅವಳ ಹಿಂದೆ ಕಾಲೇಜಿನ ಗೆಳತಿ ಹೇಮಾಂಗಿ, ಕೈಯಲ್ಲಿ ಬಟಾಟೆ ವಡೆಯ ಪೊಟ್ಟಣ.

ಹೇಮಾಂಗಿ: ನಾನು ಹೇಳೋದು ಇಷ್ಟೇ. ಗಂಡಸರ ಕಡೆ ಖಾಲಿ ಇದೆ. ಇಣುಕಿ ನೋಡ್ಕೊಂಡೇ ಬಂದೆ.

ಶುಭದಾ: ಇಣುಕಿದೆಯಾ?

ಹೇಮಾಂಗಿ: ಒಬ್ಬ ಅಜ್ಜ ಕನ್ನಡಿ ಮುಂದೆ ತಲೆ ಬಾಚ್ಕೊಳ್ತಿದ್ದ. ತಲೆ ಮೇಲೆ ಬಾಚೋಕೆ ಏನೂ ಇರಲಿಲ್ಲ. ಪುರುಸೊತ್ತಿದೆ, ಬಾಚ್ತಿದ್ದಾನೆ.

ಶುಭದಾ: ಅದೆಲ್ಲ ಬೇಡ. ಸಾಲು ಅಂದ್ರೆ ಸಾಲು.

ಹೇಮಾಂಗಿ: ನಿನ್ನ ಅಂಚೆ ಕಚೇರಿ ಅಲ್ಲ ಕಣೇ ಇದು.

ಶುಭದಾ: ಲೆಕ್ಕ ಎಲ್ಲ ಕಡೆ ಒಂದೇ. ಮುಂದೆ ಹದಿನಾರು ಜನ. ತಲಾ ಎರಡು ನಿಮಿಷ. ಬಾಗಿಲು ಒಂದೂವರೆ.

ಹೇಮಾಂಗಿ: ಒಂದೂವರೆ ಹೇಗೆ?

ಶುಭದಾ: ಚಿಲಕ ಇಲ್ಲದ್ದು ಅರ್ಧ. ಒಟ್ಟು ಇಪ್ಪತ್ತೊಂದು ನಿಮಿಷ ಆಗುತ್ತೆ.

ಹೇಮಾಂಗಿ: ಉಳಿದಿರೋದು ಹತ್ತು.

ಶುಭದಾ: ಗೊತ್ತು.

ಹೇಮಾಂಗಿ: ಪರದೆ ಎದ್ದ ತಕ್ಷಣ ಕುಂದಾ ಸಿಂಹಾಸನದ ಮೇಲೆ ಕೂತಿರ್ತಾಳೆ. ಮೊದಲ ಮಾತೇ ಅವಳದು. ನಂಗೆ ಬರೆದ ಕಾಗದದಲ್ಲಿ ಏನಂದಿದ್ದಳು ನೆನಪಿದೆಯಾ?

ನೆನಪಿಲ್ಲದೆ ಏನು? ಶುಭದಾ ಅದನ್ನು ಹದಿನೈದು ದಿನದಿಂದ ಓದುತ್ತಲೇ ಇದ್ದಳು. 'ಎರಡನೇ ಅಂಕಕ್ಕೆ ಪರದೆ ಎದ್ದಾಗ ಎರಡನೇ ಸಾಲಿನಲ್ಲಿ ಶುಭದಾ ಕಾಣಬೇಕು. ಈ ಸಲವೂ ಕಾಣಿಸದಿದ್ದರೆ ಮತ್ತೆ ಮುಖ ತೋರಿಸುವುದು ಬೇಡ.'

ಮೂವತ್ತೊಂದು ವರ್ಷದ ಹಿಂದೆ, ಕಾಲೇಜುಗಳ ಏಕಾಂಕ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ, ಕುಂದಾ ಮಾತು ಮರೆತು ಪಕ್ಕಕ್ಕೆ ನೋಡಿದ್ದಳು. ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡಬೇಕಾದವಳು ಶುಭದಾ. ಅಲ್ಲಿ ಶುಭದಾ ಇರಲಿಲ್ಲ. ಬಹುಮಾನದ ಕಪ್ ಬೇರೆ ಕಾಲೇಜಿಗೆ ಹೋಯಿತು. ಕುಂದಾ ಬಣ್ಣ ಹಚ್ಚುವುದನ್ನು ಬಿಟ್ಟಳು, ಶುಭದಾಳ ಜೊತೆ ಮಾತನ್ನೂ ಬಿಟ್ಟಳು. ಎರಡನ್ನೂ ಮತ್ತೆ ಶುರುಮಾಡುವುದು ಇವತ್ತೇ ಎಂದು ಹೇಮಾಂಗಿ ನಡುವೆ ನಿಂತು ಒಪ್ಪಿಸಿದ್ದಳು.

ಹೇಮಾಂಗಿ: ಹೋಗಿ ಕೂತ್ಕೋ. ತಡ್ಕೋ. ಇನ್ನೊಂದು ಗಂಟೆ ಅಷ್ಟೇ.

ಶುಭದಾ: ನಂಗೆ ಸಕ್ಕರೆ ಕಾಯಿಲೆ ಇದೆ.

ಹೇಮಾಂಗಿ: ಹಾಗಾದ್ರೆ ಚಹಾ ಯಾಕೆ ಕುಡಿದೆ?

ಶುಭದಾ: ನೀನು ಕೊಡಿಸಿದೆ.

ಹೇಮಾಂಗಿ: ಮೂವತ್ತೊಂದು ವರ್ಷ ಆದಮೇಲೆ ನಾಟಕಕ್ಕೆ ಜೊತೆಗೆ ಬಂದ ಗೆಳತಿಗೆ ಒಂದು ಚಹಾ ಕೊಡಿಸಿದ್ದೂ ತಪ್ಪಾ?

ಮುಂದೆ ನಿಂತಿದ್ದ ಬಿಳಿ ತಲೆಯ ಅಜ್ಜಿಯೊಬ್ಬರು ಹಿಂದಕ್ಕೆ ತಿರುಗಿ ನೋಡಿದರು.

ಅಜ್ಜಿ: ಗಾಬರಿ ಬೇಡಿ ಮಕ್ಕಳೇ. ನಾನು ನಲವತ್ತು ವರ್ಷದಿಂದ ಇಲ್ಲಿ ನಾಟಕ ನೋಡ್ತಿದ್ದೀನಿ. ಎರಡನೇ ಅಂಕದ ಆರಂಭ ಒಂದನ್ನೂ ನೋಡಿಲ್ಲ. ನಾನು ಒಳಗೆ ಹೋಗೋ ಹೊತ್ತಿಗೆ ಕೊಲೆ ಆಗಿರುತ್ತೆ. ಸತ್ತೋರು ಯಾರು ಅಂತ ಪಕ್ಕದೋರನ್ನ ಕೇಳ್ಕೊಳ್ತೀನಿ.

ಹೇಮಾಂಗಿ: ಮತ್ತೆ ಯಾರಿಗೂ ಹೇಳಲಿಲ್ವಾ ಅಜ್ಜಿ?

ಅಜ್ಜಿ: ಹೇಳಿದೆ, ನಮ್ಮ ಮನೆಯವರಿಗೆ. ಮನೆಯಿಂದ ಹೊರಡೋ ಮುಂಚೆ ನೀರು ಕುಡೀಬೇಡ ಅಂದ್ರು.

ಮೊದಲ ಗಂಟೆ ಬಾರಿಸಿತು; ಮೂರನೆಯದಕ್ಕೆ ಪರದೆ ಏಳುತ್ತದೆ. ಸಾಲಿನಿಂದ ಯಾರೂ ಕದಲಲಿಲ್ಲ. ಅಷ್ಟರಲ್ಲಿ ಪಕ್ಕದ ಓಣಿಯಿಂದ ಗಲಗಲ ಸದ್ದಾಯಿತು. ಒಂಬತ್ತು ಗಜದ ಸೀರೆ, ಸೊಂಟಕ್ಕೆ ಪಟ್ಟಿ, ತಲೆಯ ಮೇಲೆ ರಟ್ಟಿನ ಕಿರೀಟ. ನಾಟಕದ ರಾಜಮಾತೆ ಬಂದು ಸಾಲಿನ ಕೊನೆಗೆ ನಿಂತಳು. ಸಾಲು ಗೋಡೆಗೆ ತಾಗಿ ಹಿಂದಕ್ಕೆ ತಿರುಗಿದ್ದರಿಂದ ಅದರ ಬಾಲ ಶುಭದಾಳ ಪಕ್ಕಕ್ಕೇ ಬಂದಿತ್ತು.

ಶುಭದಾ ನೋಡಿದಳು. ರಾಜಮಾತೆಯೂ ನೋಡಿದಳು. ಮೂವತ್ತೊಂದು ವರ್ಷದ ನಂತರದ ಮೊದಲ ಮಾತು ಹೀಗಿತ್ತು:

ಕುಂದಾ: ಎರಡನೇ ಸಾಲಿನಲ್ಲಿ ಕೂತಿರಬೇಕಾದವಳು ಇಲ್ಲೇನು ಮಾಡ್ತಿದ್ದೀ?

ಶುಭದಾ: ಸಿಂಹಾಸನದ ಮೇಲೆ ಕೂತಿರಬೇಕಾದವಳು ನೀನೇನು ಮಾಡ್ತಿದ್ದೀ?

ಕುಂದಾ: ಬಣ್ಣದ ಕೋಣೆಯ ಬಚ್ಚಲಿನ ನಲ್ಲಿ ಕೆಟ್ಟು ಎಂಟು ದಿನ ಆಯ್ತಂತೆ. ಗಂಡಸರೆಲ್ಲ ಹಿಂದಿನ ಗೋಡೆಗೆ ಹೋಗ್ತಾರೆ. ನಂಗೆ ಗೋಡೆ ಆಗಿಬರಲ್ಲ.

ಹೇಮಾಂಗಿ: ಸೀರೆ ಬೇರೆ ಒಂಬತ್ತು ಗಜ.

ಕುಂದಾ: ಈ ಸಲವೂ ತಪ್ಪಿಸ್ಕೊಳ್ತೀಯ ಅಂತ ಗೊತ್ತಿತ್ತು ಶುಭದಾ. ಆಗ ತಬಲಾ ಬಾರಿಸ್ತಿದ್ದ ಪ್ರಲ್ಹಾದ. ಈಗ ಯಾರು?

ಶುಭದಾ: ಪ್ರಲ್ಹಾದ ಅಲ್ಲ.

ಕುಂದಾ: ಕಾಲೇಜಿಗೆಲ್ಲ ಗೊತ್ತು. ನಾನು ಬಾಯಿ ತೆರೆದು ನಿಂತಿದ್ದಾಗ ನೀನು ಕ್ಯಾಂಟೀನ್ ಹಿಂದೆ ಅವನ ಜೊತೆ ಇದ್ದೆ.

ಶುಭದಾ: ಕ್ಯಾಂಟೀನ್ ಹಿಂದೆ ಇದ್ದದ್ದು ನಿಜ. ಅಲ್ಲಿ ಏನಿತ್ತು, ಜ್ಞಾಪಿಸ್ಕೋ.

ಕುಂದಾ ಯೋಚಿಸಿದಳು. ಕಿರೀಟ ಸ್ವಲ್ಪ ವಾಲಿತು.

ಕುಂದಾ: ...ಹೆಂಗಸರ ಪಾಯಿಖಾನೆ.

ಶುಭದಾ: ಇಡೀ ಕಾಲೇಜಿಗೆ ಅದೊಂದೇ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟಿದ್ದೆ. ನಮ್ಮ ನಾಟಕದ ಸರದಿ ಬಂದಾಗ ಸಂಜೆ ನಾಲ್ಕು. ಅಲ್ಲೂ ಸಾಲಿತ್ತು.

ಕುಂದಾ: ಅಷ್ಟೇನಾ? ಅಷ್ಟನ್ನ ಹೇಳೋಕೆ ಬಾಯಿರಲಿಲ್ವಾ ನಿಂಗೆ?

ಶುಭದಾ: ಯಾರಿಗೆ ಹೇಳಲಿ? ಸರ್ ಗಂಡಸು, ತೀರ್ಪುಗಾರರು ಗಂಡಸರು, ನಾಟಕದವರಲ್ಲಿ ನಾವು ಮೂವರನ್ನ ಬಿಟ್ರೆ ಎಲ್ಲ ಗಂಡಸರು. 'ಎಲ್ಲಿಗೆ ಹೋಗಿದ್ದೆ' ಅಂತ ಗದರಿಸಿದ್ರು. ಬಾಯಿ ಬರಲಿಲ್ಲ. ಪ್ರಲ್ಹಾದನ ಜೊತೆ ಅಂತ ಅವರೇ ಅಂದ್ಕೊಂಡ್ರು. ಪಾಯಿಖಾನೆ ಅನ್ನೋದಕ್ಕಿಂತ ಅದೇ ಮರ್ಯಾದೆ ಅನ್ನಿಸ್ತು, ಸುಮ್ಮನಾದೆ.

ಸಾಲಿನಲ್ಲಿದ್ದ ಹೆಂಗಸರು ಯಾರೂ ನಗಲಿಲ್ಲ.

ಕುಂದಾ: ಅವನು ಎದುರಿಗೆ ಸಿಕ್ಕಾಗಲೆಲ್ಲ ಮುಖ ತಿರುಗಿಸಿದ್ದೀನಿ. ಪಾಪ, ಯಾಕೆ ಅಂತ ಅವನಿಗೆ ಗೊತ್ತೇ ಇಲ್ಲ.

ಹೇಮಾಂಗಿ: ಈಗ ಹೇಳು.

ಕುಂದಾ: ಹೇಗೆ ಹೇಳೋದು?

ಶುಭದಾ: ನೋಡು. ನಿಂಗೂ ಬಾಯಿ ಬರಲ್ಲ.

ಕುಂದಾ ವಾಲಿದ ಕಿರೀಟವನ್ನು ನೆಟ್ಟಗೆ ಮಾಡಿಕೊಂಡಳು. ಆಮೇಲೆ ದನಿ ತಗ್ಗಿಸಿದಳು.

ಕುಂದಾ: ನಾನು ಮಾತು ಮರೆತದ್ದು ಯಾಕೆ ಅಂತ ಯಾರೂ ಕೇಳಲೇ ಇಲ್ಲ. ಬಾಯಿಪಾಠ ಆಗಿತ್ತು. ನಿದ್ದೆಯಲ್ಲೂ ಹೇಳ್ತಿದ್ದೆ.

ಹೇಮಾಂಗಿ: ಮತ್ತೆ?

ಕುಂದಾ: ನಾನೂ ಬೆಳಿಗ್ಗೆಯಿಂದ ಹೋಗಿರಲಿಲ್ಲ.

ಎರಡನೇ ಗಂಟೆ ಬಾರಿಸಿತು. ಅದರ ಹಿಂದೆಯೇ ವ್ಯವಸ್ಥಾಪಕ ಭಾಲೇರಾವ್ ಓಡಿಬಂದರು.

ಭಾಲೇರಾವ್: ಕುಂದಾತಾಯಿ, ಇಲ್ಲೇನು ಮಾಡ್ತಿದ್ದೀರಿ? ಪರದೆ ಎತ್ತಬೇಕು.

ಕುಂದಾ: ನಾನು ಇಪ್ಪತ್ತೈದು ನಿಮಿಷ ಸಿಂಹಾಸನದ ಮೇಲೆ ಅಲುಗಾಡದೆ ಕೂತಿರಬೇಕು ಸಾಹೇಬ್ರೆ. ಹೋಗದೆ ಕೂರಲ್ಲ.

ಭಾಲೇರಾವ್: ಅಯ್ಯೋ, ಇವರನ್ನ ಸ್ವಲ್ಪ ಮುಂದೆ ಬಿಡಿ ತಾಯಂದಿರೇ. ನಾಟಕ ನಿಲ್ಲುತ್ತೆ.

ಶುಭದಾ ಭಾಲೇರಾವರನ್ನು ಕೌಂಟರಿನ ಕಿಂಡಿಯಿಂದ ನೋಡಿದ ಹಾಗೆ ನೋಡಿದಳು.

ಶುಭದಾ: ಸಾಲು ಅಂದ್ರೆ ಸಾಲು. ರಾಜಮಾತೆ ನಲವತ್ತೆರಡನೆಯವರು. ಅವರ ಸರದಿ ಬರೋಕೆ ಇನ್ನೂ ಐವತ್ತೈದು ನಿಮಿಷ.

ಅಜ್ಜಿ: ನಾನೂ ಬಿಡಲ್ಲ. ಇವಳು ಇಲ್ಲೇ ಇದ್ರೆ ನಾನು ಎರಡನೇ ಅಂಕ ಮೊದಲಿಂದ ನೋಡ್ತೀನಿ.

ಭಾಲೇರಾವ್: ಬೇರೆ ದಾರಿ ಏನಾದ್ರೂ ಹೇಳಿ.

ಶುಭದಾ: ಆ ಬೀಗ ತೆಗೀರಿ.

ಭಾಲೇರಾವ್: ಅದು ಗಣ್ಯರಿಗೆ ಮೀಸಲು.

ಶುಭದಾ: ಕೊನೇ ಸಲ ಯಾವ ಗಣ್ಯರು ಹೋಗಿದ್ರು?

ಭಾಲೇರಾವ್: ಹನ್ನೊಂದು ವರ್ಷದ ಕೆಳಗೆ ಒಬ್ಬ ಮಂತ್ರಿಗಳ ಮನೆಯವರು ಬಂದಿದ್ರು.

ಹೇಮಾಂಗಿ: ಹೋದ್ರಾ?

ಭಾಲೇರಾವ್: ಅವರು ಕೇಳಲಿಲ್ಲ. ಆದ್ರೆ ಏರ್ಪಾಡು ಇತ್ತು.

ಶುಭದಾ: ಗಂಡಸರ ಕಡೆ ಎಷ್ಟು ಬಾಗಿಲು?

ಭಾಲೇರಾವ್: ಎಂಟು.

ಶುಭದಾ: ಅದನ್ನೂ ನಮಗೆ ಬಿಟ್ಟುಕೊಡಿ. ಬಾಗಿಲಲ್ಲಿ ನೀವೇ ನಿಂತು ಕಾಯಿರಿ.

ಹೇಮಾಂಗಿ: ಒಳಗೆ ಒಬ್ಬ ಅಜ್ಜ ತಲೆ ಬಾಚ್ಕೊಳ್ತಿದ್ದಾರೆ. ಮೆಲ್ಲಗೆ ಕರ್ಕೊಂಡು ಬನ್ನಿ.

ಬೀಗದ ಕೈ ಟ್ರಸ್ಟಿನ ಕಪಾಟಿನಲ್ಲಿ ಸಿಕ್ಕಿತು. ಬಾಗಿಲು ತೆರೆದರೆ ಒಳಗೆ ಹೊಳೆಯುವ ಕನ್ನಡಿ, ಬಿಚ್ಚದ ಸೋಪು, ಮಡಿಕೆ ಕೆಡದ ಟವೆಲು, ಮತ್ತು ನಲ್ಲಿಯಲ್ಲಿ ನೀರು. ನಲವತ್ತು ಹೆಂಗಸರು ಅದನ್ನು ಗುಡಿಯೊಳಗೆ ನೋಡುವ ಹಾಗೆ ನೋಡಿದರು. ಮೊದಲು ಅಜ್ಜಿ ಹೋದರು.

ಸಭಾಂಗಣದಲ್ಲಿ ಕುಳಿತ ಗಂಡಸರಿಗೆ ಧ್ವನಿವರ್ಧಕದಲ್ಲಿ ಹೇಳಲಾಯಿತು: ತಾಂತ್ರಿಕ ಕಾರಣಗಳಿಂದ ಎರಡನೇ ಅಂಕ ಸ್ವಲ್ಪ ತಡವಾಗುತ್ತದೆ.

ಹನ್ನೆರಡು ನಿಮಿಷ ತಡವಾಗಿ ಮೂರನೇ ಗಂಟೆ ಬಾರಿಸಿತು. ಪರದೆ ಎದ್ದಾಗ ಎರಡನೇ ಸಾಲಿನಲ್ಲಿ ಶುಭದಾ ಇದ್ದಳು. ಸಿಂಹಾಸನದ ಮೇಲೆ ಕುಂದಾ ಇದ್ದಳು. ಕುಂದಾ ಕಣ್ಣಾಡಿಸಿ ಗೆಳತಿಯನ್ನು ಹುಡುಕಿ, ಕಂಡು, ಒಂದು ಗಳಿಗೆ ಅವಳನ್ನೇ ನೋಡಿದಳು. ಮಾತು ಮತ್ತೆ ಮರೆಯಿತೇನೋ ಎಂದು ಶುಭದಾ ತುಟಿ ಅಲುಗಿಸಿದಳು. ಮರೆತಿರಲಿಲ್ಲ.

ಕುಂದಾ: ಇಷ್ಟು ವರ್ಷ ನಮ್ಮನ್ನು ಕಾಯಿಸಿದವರು ಯಾರು? ಅವರನ್ನು ಸಭೆಗೆ ಕರೆತನ್ನಿ.

ಪಕ್ಕದ ಬಾಗಿಲಲ್ಲಿ ನಿಂತಿದ್ದ ಭಾಲೇರಾವ್ ಮೆಲ್ಲನೆ ಹೊರಗೆ ಹೋದರು. ಮುಂದೆ ಕುಳಿತಿದ್ದ ಅಜ್ಜಿ ಪಕ್ಕದವರನ್ನು ಏನೂ ಕೇಳಲಿಲ್ಲ.

ಈಗ ನೀವು. ಮುಂದಿನ ಸಲ ನಾಟಕಕ್ಕೆ ಹೋದಾಗ ನಿಮ್ಮ ಕುರ್ಚಿ ಹುಡುಕುವ ಮೊದಲು ಹೆಂಗಸರ ಕಡೆಯ ಬಾಗಿಲುಗಳನ್ನು ಎಣಿಸಿ. ಒಂದಕ್ಕೆ ಬೀಗ ಕಂಡರೂ ಹೋಗಿ ಬೀಗದ ಕೈ ಕೇಳಿ. ಅದು ಕೈಗೆ ಬರುವವರೆಗೆ ಮೂರನೇ ಗಂಟೆ ಬಾರಿಸಲು ಬಿಡಬೇಡಿ.