ಕೆಂಪು ಗಾಡಿಯ ಖಾತ್ರಿ

ನಮ್ಮ ಕಾಕಾ ಈ ಜನ್ಮದಲ್ಲಿ ಒಂದೂ ಮೋಟರ್ ಸೈಕಲ್ ಕೊಂಡವರಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ನಡುವೆ ಅವರು ಬೇಡವೆನ್ನದ ಮೋಟರ್ ಸೈಕಲ್ ಉಳಿದಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ನೀವು ಈ ಕಡೆಯವರಾಗಿದ್ದು, ನಿಮ್ಮ ಮನೆಯಲ್ಲೊಂದು ಸ್ಪೋರ್ಟ್ಸ್ ಬೈಕ್ ಇದ್ದರೆ, ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಎಂದಾದರೂ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯ ಕೆಳಗೆ ಇಣುಕಿರಲಿಕ್ಕೂ ಸಾಕು. ಗಾಬರಿಯಾಗಬೇಡಿ. ಅವರೇ ನಮ್ಮ ಕಾಕಾ.

ಗಾಡಿ ಬೇಕಾದದ್ದು ಅವರಿಗಲ್ಲ, ಮಗಳು ಅಕ್ಷತಾಳಿಗೆ. ಅವಳು ಧಾರವಾಡದ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ದುಡ್ಡು ಅವಳದೇ, ಲೈಸೆನ್ಸ್ ಅವಳದೇ, ಕಾಲೇಜಿನ ದಿನಗಳಿಂದ ಕಾಪಾಡಿಕೊಂಡು ಬಂದ ಆಸೆಯೂ ಅವಳದೇ. ಸುಮ್ಮನೆ ಹೋಗಿ ಕೊಂಡುಕೊಳ್ಳಬಹುದಿತ್ತು. ಹಾಗೆ ಮಾಡದೆ ಒಂದು ದಿನ ಊಟಕ್ಕೆ ಕೂತಾಗ, "ಅಪ್ಪಾ, ನೀ ನೋಡಿ ಹೂಂ ಅಂದ್ರ ಮಾತ್ರ ತೊಗೋತೀನಿ" ಎಂದುಬಿಟ್ಟಳು. ಪ್ರೀತಿಯಿಂದ ಆಡಿದ ಮಾತು. ಯಾರ ಮುಂದೆ ಆಡುತ್ತಿದ್ದೇನೆಂದು ಮರೆತು ಆಡಿದ ಮಾತೂ ಹೌದು.

ಏಕೆಂದರೆ ಕಾಕಾ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟವರು. ಚೀಲದ ಬಾಯಿ ಬಿಚ್ಚಿ ಮೇಲಿನ ಕಡಲೆ ತೋರಿಸಿದರೆ ಅತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈ ಮುಳುಗುವಷ್ಟು ಕೈ ಇಳಿಸಿ, ತಳದಿಂದ ಒಂದು ಮುಷ್ಟಿ ಎಳೆದು ತೆಗೆಯುತ್ತಾರೆ. ಮೂಸಿ ನೋಡುತ್ತಾರೆ, ಹಲ್ಲಲ್ಲಿ ಕಡಿದು ನೋಡುತ್ತಾರೆ, ಅಂಗೈಯಲ್ಲಿ ಉಜ್ಜಿ ಧೂಳು ಊದುತ್ತಾರೆ. ಆಮೇಲೆ ಮಾತು. ಇದರಿಂದ ಮಾರುಕಟ್ಟೆಯಲ್ಲಿ ಅವರಿಗೆ ಒಳ್ಳೆಯ ಹೆಸರಿದೆ. ಮನೆಯಲ್ಲಿ ಮಾತ್ರ ಅವರನ್ನು ಬದನೆಕಾಯಿ ತರಲು ಕಳಿಸುವುದಿಲ್ಲ, ಊಟದ ಹೊತ್ತು ಮೀರುತ್ತದೆ. ಒಮ್ಮೆ ಕುಕ್ಕರ್ ಕೊಳ್ಳಲು ಹೋಗಿ, ಜೇಬಿನಲ್ಲಿ ಒಯ್ದಿದ್ದ ತೊಗರಿಬೇಳೆಯನ್ನು ಅಂಗಡಿಯಲ್ಲೇ ಬೇಯಿಸಿ ನೋಡಿದ ಪುಣ್ಯಾತ್ಮ ಇವರು!

ಇಂಥವರು ಲಗ್ನಕ್ಕೆ ಮುಂಚೆ ಹೆಣ್ಣನ್ನು ಒಂದೇ ಸಲ ನೋಡಿ ಒಪ್ಪಿದ್ದು ಹೇಗೆ? ನಾನು ಇದನ್ನು ಅವರ ಹೆಂಡತಿಯನ್ನೇ, ಅಂದರೆ ನಮ್ಮ ಚಿಗವ್ವನನ್ನೇ ಕೇಳಿದೆ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಅವರು ಪರೀಕ್ಷಾ ಮಾಡದನ ಮನಿಗೆ ತಂದದ್ದು ನಾ ಒಬ್ಬಾಕಿನ. ಅದಕ್ಕ ಇವತ್ತಿನ ತನಕ ರಿಪೇರಿ ಬಂದಿಲ್ಲ ನೋಡು."

ಹೀಗೆ ಗಾಡಿಯ ಪರೀಕ್ಷೆ ಸುರುವಾಯಿತು. ರವಿವಾರ ಕೆಲಸವಿಲ್ಲದ ಅಣ್ಣನ ಮಗ ಎಂಬ ಒಂದೇ ಅರ್ಹತೆಯ ಮೇಲೆ ನನ್ನ ನೇಮಕವೂ ಆಯಿತು.

ಮೊದಲು ಹುಬ್ಬಳ್ಳಿಯ ಒಂದು ಶೋರೂಮಿಗೆ ಹೋದೆವು. ಟೈ ಕಟ್ಟಿದ ಹುಡುಗ ಓಡಿ ಬಂದು, ದೀಪದ ಕೆಳಗೆ ಮಿರಮಿರ ಮಿಂಚುವ ಗಾಡಿಯ ಮುಂದೆ ನಿಲ್ಲಿಸಿ, ಅದರ ವೇಗ, ಅದರ ಪಿಕಪ್, ಅದರ ನೋಟ ಎಂದೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಕಾಕಾ ಪೂರ್ತಿ ಕೇಳಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ಛಲೋ ಹೇಳಿದಿ ತಮ್ಮಾ. ಈಗ ಇದನ್ನ ರಿಪೇರಿ ಮಾಡೂ ಜಾಗಾ ತೋರಸು" ಎಂದರು.

ಹುಡುಗ ಗಾಡಿಯನ್ನೇ ಒಮ್ಮೆ ತಿರುಗಿ ನೋಡಿದ. "ಸರ್, ಇದು ಹೊಸಾದ್ರಿ."

"ಹೌದಪಾ, ಇದು ಮ್ಯಾಲಿನ ಕಾಳು. ನಾ ತಳದ್ದು ನೋಡಬೇಕು."

ತಳ ಶೋರೂಮಿನ ಹಿಂದೆ ಇತ್ತು. ಅಲ್ಲಿ ಸರ್ವಿಸಿಗೆ ಗಾಡಿ ಬಿಟ್ಟವರು ಕಾಯಲೆಂದು ಕುರ್ಚಿ ಹಾಕಿ, ಪುಕ್ಕಟೆ ಚಹಾ ಇಟ್ಟಿದ್ದರು. ಕಾಕಾ ಅಲ್ಲಿ ಕೂತವರು ಏಳಲೇ ಇಲ್ಲ. ಬಂದವರನ್ನೆಲ್ಲ ಬೀಗರನ್ನು ವಿಚಾರಿಸಿದಷ್ಟೇ ಅಕ್ಕರೆಯಿಂದ ವಿಚಾರಿಸಿದರು. "ಏನ್ ತ್ರಾಸ ಕೊಡಾಕತ್ತೈತ್ರಿ? ಚೈನ್ ಎಷ್ಟ ದಿನಕ್ಕ ಸಡಲ ಆಗ್ತೈತಿ? ಸಾಮಾನು ಇಲ್ಲೇ ಸಿಗ್ತಾವೋ, ಮುಂಬೈದಿಂದ ಬರಬೇಕೋ? ನಟ್ಟನಡು ಹಾದ್ಯಾಗ ನಿಂತದ್ದು ಐತೇನು?" ಜನರೂ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರೇನೋ! ಒಬ್ಬರು ಬ್ಯಾಟರಿಯ ಕಥೆ ಹೇಳಿದರು, ಒಬ್ಬರು ಸೀಟಿನ ಕಥೆ ಹೇಳಿ ತಮ್ಮ ಮೂಲವ್ಯಾಧಿಯನ್ನೂ ಸೇರಿಸಿದರು. ದನಿ ಏರಿತು. ಮುಂದಿನ ಶೋರೂಮಿನಲ್ಲಿ ಹೊಸ ಗಾಡಿಗೆ ಅಡ್ವಾನ್ಸ್ ಕೊಡಲು ಬಂದಿದ್ದ ಗಂಡಹೆಂಡತಿ ಅದನ್ನು ಕೇಳಿಸಿಕೊಂಡು, ವಿಚಾರ ಮಾಡಿ ಬರುತ್ತೇವೆಂದು ಎದ್ದು ಹೋದರು. ಆಗ ಮ್ಯಾನೇಜರ್ ಬಂದರು. ಬಹಳ ನಯದ ಮನುಷ್ಯ. ಕೈಮುಗಿದು, "ಯಜಮಾನ್ರ, ನೀವು ಗಾಡಿ ತೊಗೊಳ್ಳದಿದ್ರೂ ನಡೀತೈತ್ರಿ. ಇಲ್ಲಿ ಕುಂಡ್ರೂದೊಂದು ಬಿಡ್ರಿ" ಎಂದರು.

ಮುಂದಿನ ರವಿವಾರ ಗಬ್ಬೂರಿನ ಬೈಪಾಸು. ಅಲ್ಲಿನ ಒಂದು ಚಹಾದ ಅಂಗಡಿಯ ಮುಂದೆ ಬೆಳಿಗ್ಗೆ ಇಂಥ ಗಾಡಿಗಳ ಸವಾರರು ಸೇರುತ್ತಾರೆ. ಮೈತುಂಬ ಕರಿ ಜಾಕೀಟು, ಮೊಣಕಾಲಿಗೆ ಗಟ್ಟಿ ಚಿಪ್ಪು. ಕಾಕಾ ಅವರ ನಡುವೆ ಧೋತರದ ಚುಂಗು ಹಿಡಿದು ಓಡಾಡಿ, ಒಬ್ಬ ಸವಾರನನ್ನು ಕೇಳಿದರು: "ತಮ್ಮಾ, ಇದು ನಿನಗ ಎಲ್ಲೆಲ್ಲಿ ಕೈ ಕೊಟ್ಟೈತಿ?"

"ಕೈ ಕೊಡೂದಾ? ಒಮ್ಮೆನೂ ಇಲ್ರಿ ಅಜ್ಜಾರ. ಬಂಗಾರದಂಥಾ ಗಾಡಿ."

ಕಾಕಾ ನನ್ನ ಕಿವಿಯಲ್ಲಿ, "ಮಾಲ್ಕನ್ನ ಕೇಳಬಾರದೋ, ಅವನ ಗೆಳ್ಯಾನ್ನ ಕೇಳಬೇಕು" ಎಂದು, ಪಕ್ಕದಲ್ಲಿ ಬಿಸ್ಕಿಟು ಅದ್ದುತ್ತಿದ್ದ ಇನ್ನೊಬ್ಬನ ಕಡೆ ತಿರುಗಿದರು. ಅವನು ಬಿಸ್ಕಿಟು ನುಂಗುವಷ್ಟೂ ತಡೆಯಲಿಲ್ಲ. ದಾಂಡೇಲಿ ರಸ್ತೆಯಲ್ಲಿ ಈ ಬಂಗಾರ ಕಾದು ಕೆಂಡವಾಗಿ ನಿಂತದ್ದು, ತಾನು ಬೆವರು ಸುರಿಸಿಕೊಂಡು ತಳ್ಳಿದ್ದು, ಎಲ್ಲ ಹೇಳಿಬಿಟ್ಟ. ಮೊದಲಿನವನಿಗೆ ಸಿಟ್ಟು ಬಂತು. ನಿನ್ನ ಗಾಡಿ ಎಣ್ಣೆ ಸೋರಿ ನಮ್ಮ ಅಂಗಳವೆಲ್ಲ ಹೊಲಸಾದದ್ದು ಹೇಳಲೇನು ಎಂದ. ಮಾತಿಗೆ ಮಾತು ಬೆಳೆಯಿತು. ಯಾರದೋ ಅಕ್ಕನ ಲಗ್ನದಲ್ಲಿ ಊಟಕ್ಕೆ ಕರೆಯದ ವಿಷಯವೂ ಹೊರಗೆ ಬಿತ್ತು. ನಾನು ಕಾಕಾನ ರಟ್ಟೆ ಹಿಡಿದು ನನ್ನ ಸ್ಕೂಟರಿನ ಮೇಲೆ ಕೂರಿಸಿದೆ. "ಛಲೋ ಮಾಹಿತಿ ಸಿಕ್ಕಿತು" ಎಂದು ಅವರು ದಾರಿಯುದ್ದಕ್ಕೂ ಸಂತೋಷದಲ್ಲಿದ್ದರು.

ಇಷ್ಟರಲ್ಲಿ ಅಕ್ಷತಾ, ಹೊಸದು ಅಪ್ಪನಿಗೆ ಒಗ್ಗುವುದಿಲ್ಲವೆಂದು ತಿಳಿದು, ಬಳಸಿದ ಗಾಡಿಗಳನ್ನೇ ಹುಡುಕತೊಡಗಿದಳು. ವಿದ್ಯಾನಗರದಲ್ಲಿ ಒಂದು ನೀಲಿ ಗಾಡಿ ಸಿಕ್ಕಿತು. ಕಾಕಾ ಹೋದವರೇ ಮಾತಿಲ್ಲದೆ ಎಂಜಿನ್ ಮೇಲೆ ಕೈ ಇಟ್ಟರು. ಬೆಚ್ಚಗಿತ್ತು. "ನಾವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟಾರ. ಥಂಡಿ ಇದ್ದಾಗ ಚಾಲೂ ಆಗೂದಿಲ್ಲ ಇದು" ಎಂದು ತಿರುಗಿ ಬಂದರು. ಇದು ನ್ಯಾಯವಾದ ಮಾತೇ. ಗಾಡಿ ಬಲ್ಲವರೂ ಹೀಗೇ ನೋಡುತ್ತಾರಂತೆ.

ಎರಡನೆಯದು ಕೇಶ್ವಾಪುರದ ಒಂದು ಕರಿ ಗಾಡಿ. ಈ ಸಲ ಎಂಜಿನ್ ತಣ್ಣಗಿರಲೇಬೇಕೆಂದು ಕಾಕಾ ಹಾಲಿನವನಿಗಿಂತ ಮೊದಲೇ ಅವರ ಬಾಗಿಲು ಬಡಿದರು. ಮಾರುವ ಹುಡುಗ ಚಾದರ ಹೊದ್ದುಕೊಂಡೇ ಬಂದು ಗುಂಡಿ ಒತ್ತಿದ. ಗಾಡಿ ಒಂದೇ ಸಲಕ್ಕೆ ಗುಂಯ್ ಎಂದು ಚಾಲೂ ಆಯಿತು. ಅಕ್ಷತಾಳ ಮುಖ ಅರಳಿತು. ಕಾಕಾನ ಮುಖ ಇಳಿಯಿತು. ಗೇಟಿನ ಹೊರಗೆ ಬಂದು ನಿಂತು, "ಥಂಡ್ಯಾಗ ಇಷ್ಟ ಲಗೂ ಚಾಲೂ ಆತಂದ್ರ ಏನೋ ಮುಚ್ಚಿಟ್ಟಾರ" ಎಂದರು.

ಅಕ್ಷತಾ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

ಮೂರನೆಯದೇ ಈ ಕೆಂಪು ಗಾಡಿ. ಧಾರವಾಡದ ಸಪ್ತಾಪುರದ ಒಬ್ಬ ಡ್ರಾಯಿಂಗ್ ಮಾಸ್ತರರದು. ಮಾಸ್ತರರು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಕಾಕಾ ಬಾಯಿ ತೆರೆಯುವ ಮೊದಲೇ ಸುರು ಮಾಡಿದರು. "ನೋಡ್ರಿ, ಇದರ ಸೀಟು ಕಲ್ಲಿನಂಗ ಗಟ್ಟಿ. ನನ್ನ ಬೆನ್ನು ತಡಿಯಾಂಗಿಲ್ಲ, ಅದಕ್ಕ ಕೊಡಾಕತ್ತೇನಿ. ಮಳಿಗಾಲದಾಗ ಹಿಂದಿನ ಬ್ರೇಕ್ ಕುಂಯ್ಗುಡ್ತೈತಿ. ಸಂತಿ ಗದ್ಲದಾಗ ಸಿಕ್ರ ಎಂಜಿನ್ನಿನ ಫ್ಯಾನ್ ನಿಲ್ಲೂದಿಲ್ಲ, ಕಾಲಿಗೆ ಬಿಸಿ ಹತ್ತತೈತಿ. ಎಡಕ್ಕ ಒಮ್ಮೆ ಬಿದ್ದೈತಿ, ಇಲ್ಲಿ ಗೀರು ನೋಡ್ರಿ. ಇಷ್ಟು ಬಿಟ್ರ ಎಂದೂ ನನ್ನನ್ನ ಹಾದ್ಯಾಗ ನಿಲ್ಲಿಸಿಲ್ಲ."

ಕಾಕಾ ಬೆಪ್ಪಾದರು. ಇಷ್ಟು ವರ್ಷದ ವ್ಯಾಪಾರದಲ್ಲಿ ತಾವೇ ಚೀಲ ಬೋರಲು ಹಾಕಿ ತಳ ತೋರಿಸಿದವರನ್ನು ಅವರು ಕಂಡಿರಲಿಲ್ಲ. ಎಂಜಿನ್ ಮುಟ್ಟಿದರು, ತಣ್ಣಗಿತ್ತು. ಚೈನ್ ಎತ್ತಿ ನೋಡಿದರು, ಕುಕ್ಕರಗಾಲಲ್ಲಿ ಕೂತು ಹೊಟ್ಟೆ ನೋಡಿದರು, ಹೊಗೆಯ ಕೊಳವೆಯಲ್ಲಿ ಬೆರಳಾಡಿಸಿ ಮೂಸಿದರು. ಅವರಿಗೆ ಬೇಕಾದದ್ದು ಸಿಗಲಿಲ್ಲ. "ವಿಚಾರ ಮಾಡಿ ಹೇಳ್ತೇವ್ರಿ" ಎಂದು ಎದ್ದರು.

ಅಂದು ಸಂಜೆ ನವನಗರದ ಅವರ ಮನೆಯಲ್ಲಿ ನಾನೂ ಊಟಕ್ಕಿದ್ದೆ. ಅಕ್ಷತಾ ಅಪ್ಪನ ತಾಟಿಗೆ ಪಲ್ಯ ಬಡಿಸುತ್ತ, ಬಹಳ ಶಾಂತವಾಗಿ ಹೇಳಿದಳು: "ಅಪ್ಪಾ, ಇದೂ ಬ್ಯಾಡಂದ್ರ ಬ್ಯಾಡ ಬಿಡು. ನಾ ಇನ್ನ ಕೇಳೂದಿಲ್ಲ."

ಸಿಟ್ಟು ಮಾಡಿದ್ದರೆ ಕಾಕಾ ಸಮಾಧಾನ ಮಾಡುತ್ತಿದ್ದರು. ಅತ್ತಿದ್ದರೆ ತಾವೂ ಅತ್ತು ಮುಗಿಸುತ್ತಿದ್ದರು. ಆದರೆ ಅವಳು ಮೊಸರು ಬಡಿಸಿ ಒಳಗೆ ಹೋದಳು. ಸಣ್ಣಂದಿನಿಂದ ಪೆನ್ಸಿಲ್ಲಿಗೂ, ಪ್ರವಾಸಕ್ಕೂ, ಕಾಲೇಜಿಗೂ ಅಪ್ಪನನ್ನೇ ಕೇಳಿದ ಹುಡುಗಿ ಇನ್ನು ಕೇಳುವುದಿಲ್ಲವೆಂದರೆ ಏನರ್ಥ? ಕಾಕಾ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತರು. ಚಿಗವ್ವ, "ಉಣ್ರಿ, ಆರ್ತೈತಿ" ಎಂದರೂ ಕೇಳಿಸಲಿಲ್ಲ.

ಮರುದಿನ ರವಿವಾರ, ಬೆಳಿಗ್ಗೆಯೇ ನನಗೆ ಕಾಕಾನ ಫೋನು. "ಲೇ, ಸಪ್ತಾಪುರಕ್ಕ ಬಾ. ಒಂದ ಪರೀಕ್ಷಾ ಉಳದೈತಿ."

ನಾನು ಹೋಗಿ ನೋಡುತ್ತೇನೆ, ಮಾಸ್ತರರ ಅಂಗಳದಲ್ಲಿ ಕಾಕಾ ಪ್ಯಾಂಟು ಹಾಕಿಕೊಂಡು ನಿಂತಿದ್ದಾರೆ! ಅವರನ್ನು ಪ್ಯಾಂಟಿನಲ್ಲಿ ನಾನು ಕಂಡದ್ದು ಅದೇ ಮೊದಲು. ಯೋಗದ ಶಿಬಿರಕ್ಕೆಂದು ಹೊಲಿಸಿ, ಶಿಬಿರವೇ ಸರಿಯಿಲ್ಲವೆಂದು ಬಿಟ್ಟು ಬಂದಾಗಿನ ಪ್ಯಾಂಟು. "ಖಾಲಿ ಚಕ್ಕಡಿ ಎಳದದ್ದು ನೋಡಿ ಯಾರರ ಎತ್ತು ತೊಗೊಂತಾರೇನು? ಹೇರಿ ನೋಡಬೇಕು" ಎಂದರು. ಹೇರುವ ಮಾಲು ತಾವೇ. ಅಕ್ಷತಾಳನ್ನೂ ಎಬ್ಬಿಸಿಕೊಂಡು ಬಂದಿದ್ದರು. ಅಕ್ಷತಾ ಓಡಿಸಬೇಕು, ಇವರು ಹಿಂದೆ ಕೂರಬೇಕು, ಉಣಕಲ್ ಕೆರೆಯವರೆಗೆ ಹೋಗಿ ಬರಬೇಕು. ಮಾಸ್ತರರು ಒಪ್ಪಿ ಕೀಲಿಯನ್ನೂ ಎರಡು ಹೆಲ್ಮೆಟ್‌ಗಳನ್ನೂ ಕೊಟ್ಟರು.

ಆ ಗಾಡಿಯ ಹಿಂದಿನ ಸೀಟು ನೋಡಿದ್ದೀರಾ? ಊಟದ ಮಣೆಯ ಅರ್ಧದಷ್ಟು, ಅದೂ ಅಟ್ಟದ ಮೇಲಿಟ್ಟಷ್ಟು ಎತ್ತರದಲ್ಲಿ. ಮಾಸ್ತರರು ಒಂದು ಕಡೆ, ನಾನು ಒಂದು ಕಡೆ ಹಿಡಿದು, ಕಟ್ಟೆಯ ಮೇಲಿನಿಂದ ಕಾಕಾನನ್ನು ಹತ್ತಿಸಿದೆವು. ಅಕ್ಷತಾ ಹಿಂದೆ ತಿರುಗಿ, "ಹೋಗೂಣಪಾ?" ಎಂದಳು. ಕಾಕಾ ಕಣ್ಣು ಮುಚ್ಚಿಕೊಂಡು ಶಿವಶಿವಾ ಎಂದದ್ದನ್ನೇ ಅವಳು ಒಪ್ಪಿಗೆ ಎಂದು ತಿಳಿದಳು.

ನಾನು ನನ್ನ ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಉಣಕಲ್ ಕೆರೆ ತಲುಪಿದಾಗ ಗಾಡಿ ಬೇವಿನ ಮರದ ನೆರಳಲ್ಲಿ ನಿಂತಿತ್ತು. ಅಕ್ಷತಾ ರಸ್ತೆಯಾಚೆ ಚಹಾ ತರಲು ಹೋಗಿದ್ದಳು. ಕಾಕಾ ಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದರು.

"ಹೆಂಗೈತ್ರಿ ಕಾಕಾ, ಗಾಡಿ?"

"ಗಾಡೀನ? ಗಾಡಿ ನೋಡೂದ ಮರತೆ."

"ಮತ್ತ ಇಷ್ಟೊತ್ತು ಏನ್ ನೋಡಿದ್ರಿ?"

"ಅಕೀನ್ನ ನೋಡಿದೆ. ಮೊದಲ ಕಣ್ಣ ಮುಚ್ಚಿದ್ದೆ. ಆಮ್ಯಾಲ ತಗದೆ. ಕನ್ನಡ್ಯಾಗ ಅಕೀ ಕಣ್ಣು ಕಾಣತಿದ್ವು. ಪ್ರತಿ ಹಾದಿ ಕೂಟಕ್ಕೂ ಎಡಕ್ಕ ಬಲಕ್ಕ ನೋಡಿ ದಾಟಿದ್ಲು. ನವಲೂರ ಹತ್ತರ ಒಬ್ಬ ಹುಡುಗ ಬಾಜೂ ಬಂದು ಗುರ್ ಅನಿಸಿದ, ರೇಸಿಗೆ ಕರದಂಗ. ಅಕಿ ಅವಗ ಹಾದಿ ಬಿಟ್ಟು ತನ್ನಷ್ಟಕ್ಕ ಹೊಂಟ್ಲು. ಗುಂಡಿ ಬಂದ್ರ, ಅಪ್ಪಾ ಗುಂಡಿ ಐತಿ ಅಂತ ಮೊದಲ ಹೇಳತಿದ್ಲು." ಕೈಗೆ ಸಿಕ್ಕ ಬೇವಿನ ಎಲೆ ಹೊಸಕಿ ಮೂಸಿದರು. "ನಾ ಕಲಿಸಿದ್ದಲ್ಲೋ ಇದು. ಯಾವಾಗ ಕಲ್ತಳು ಇಷ್ಟೆಲ್ಲಾ?"

ಕಾಕಾ ನನ್ನ ಕಡೆ ತಿರುಗಿದರು.

"ಖರೇ ಹೇಳ್ಲೇನು? ನನಗ ಗಾಡಿ ಖಾತ್ರಿ ಬೇಕಾಗಿರಲಿಲ್ಲ. ಒಂದ ತಪ್ಪು ಬೇಕಾಗಿತ್ತು. ತಪ್ಪು ಸಿಕ್ರ ಅದರ ಮ್ಯಾಲ ಹಾಕಿ ಬ್ಯಾಡ ಅನ್ನಬಹುದಿತ್ತು. ನನಗ ಅಂಜಿಕಿ ಬರ್ತೈತಿ ಅಂತ ಮಗಳ ಮುಂದ ಹೆಂಗ ಹೇಳೂದು?"

"ಈಗ ಅಂಜಿಕಿ ಹೋತೇನ್ರಿ?"

"ಎಲ್ಲಿ ಹೋಗ್ತೈತಿ? ಅಕಿ ಮನಿ ಮುಟ್ಟೂ ತನಕ ದಿನಾ ಇರೂದ ಅದು" ಎಂದರು. "ಅಂಜಿಕೊಂತನ ಹೂಂ ಅಂತೀನಿ."

ಅಕ್ಷತಾ ಚಹಾದ ಲೋಟಗಳನ್ನು ಹಿಡಿದು ಬಂದಳು. ಗಾಡಿಯ ವಿಷಯ ಎತ್ತಲಿಲ್ಲ. ಅಪ್ಪನ ಲೋಟ ಅಪ್ಪನಿಗೆ ಕೊಟ್ಟು, ಬಿಸಿ ಐತಿ ಎಂದಳು ಅಷ್ಟೆ. ಕಾಕಾ ಲೋಟದೊಳಗೇ ನೋಡುತ್ತ, "ಮಾಸ್ತರ್ರಿಗೆ ಹೂಂ ಅಂತ ಹೇಳಿಬಿಡವಾ" ಎಂದರು. ಅವಳು ಅಪ್ಪನ ಪಕ್ಕದಲ್ಲಿ ಒತ್ತಿಕೊಂಡು ಕೂತಳು, ಬಹಳ ಹೊತ್ತು ಕೂತೇ ಇದ್ದಳು. ಅವಳ ಚಹಾ ಕೈಯಲ್ಲೇ ಆರಿತು.

ಹೊರಡುವಾಗ ನಾನು, "ಕಾಕಾ, ನನ್ನ ಸ್ಕೂಟರ್ ಮ್ಯಾಲ ಬರ್ರಿ, ಆರಾಮ ಆಗ್ತೈತಿ" ಎಂದೆ. ಅವರು ನನ್ನ ಕಡೆ ನೋಡದೆ ಕೆಂಪು ಗಾಡಿಯ ಹತ್ತಿರ ಹೋಗಿ ಹೆಲ್ಮೆಟ್ ಹಾಕಿಕೊಂಡರು. ಅದರ ಪಟ್ಟಿ ಅವರಿಗೆ ಕೂಡಿಸಲು ಬರಲಿಲ್ಲ. ಅಕ್ಷತಾ ತನ್ನ ಕೈಚೀಲ ಕೆಳಗಿಟ್ಟು ಅಪ್ಪನ ಮುಂದೆ ನಿಂತಳು. ಮಾರುಕಟ್ಟೆಯಲ್ಲಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ನಮ್ಮ ಕಾಕಾ, ಮಗಳು ಪಟ್ಟಿ ಕಟ್ಟಿ ಮುಗಿಸುವವರೆಗೂ ಗದ್ದ ಮೇಲೆತ್ತಿ ಸುಮ್ಮನೆ ನಿಂತಿದ್ದರು.