ಉಸಿರಾಟ: ಇಲ್ಲ

"ಬರೆದಿಟ್ಕೋ! ಇನ್ನೆರಡು ಭಾನುವಾರದೊಳಗೆ ಆ ಕೆಂಪು ಜಾಕೆಟ್ಟು ಈ ಗೂಟದಲ್ಲಿ ನೇತಾಡದಿದ್ರೆ ನನ್ನ ಹೆಸರು ಬದಲಾಯಿಸು!"

ಹೀಗೆ ಗುಡುಗಿದವರು ನಮ್ಮ ಖಾನೆರಾಯರು. ಹೆಸರು ಎಂದೋ ಬದಲಾಗಿಹೋಗಿತ್ತು ಎನ್ನುವುದು ಬೇರೆ ಮಾತು. ವಿಮಾ ಕಚೇರಿಯ ಹೆಡ್ ಗುಮಾಸ್ತರಾಗಿ ಇಪ್ಪತ್ತೆಂಟು ವರ್ಷ, ಒಂದೇ ಒಂದು ಖಾನೆ ಖಾಲಿ ಇದ್ದ ಅರ್ಜಿಯನ್ನೂ ಒಳಗೆ ಬಿಡದೆ ಸಂಪಾದಿಸಿದ ಬಿರುದು ಅದು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವನೊಬ್ಬ "ಸಾರ್, ನೀವೇ ನೋಡಿ, ಮುರಿದಿದೆ" ಎಂದು ಅಂಗಲಾಚಿದರೆ, "ಕೈ ಮುರಿದಿರಬಹುದಪ್ಪಾ, ಹನ್ನೊಂದನೇ ಖಾನೆಯಲ್ಲಿ ಮುರಿದಿಲ್ಲವಲ್ಲ!" ಎಂದವರು. ಬಾಯಿಮಾತು ನಡೆಯುವುದಿಲ್ಲ, ಕಾಗದದಲ್ಲಿ ಇರುವುದೇ ಸತ್ಯ. ಇದನ್ನು ಮನೆಯಲ್ಲೂ ದಿನಕ್ಕೆರಡು ಸಲ ಹೇಳುತ್ತಿದ್ದರು.

ಕೆಂಪು ಜಾಕೆಟ್ಟಿನ ಸಂಗತಿ ಇಷ್ಟು. ಬೆಂಕಿ, ಭೂಕಂಪ, ನೆರೆ ಏನೇ ಬಂದರೂ ಎದುರಿಸಲು ಬೀದಿಯವರೇ ಒಂದು ತಂಡ ಕಟ್ಟಿಕೊಳ್ಳಬೇಕೆಂದು ಅಗ್ನಿಶಾಮಕ ಠಾಣೆಯ ಅಧಿಕಾರಿ ಎರಡು ಭಾನುವಾರ ತರಬೇತಿ ಇಟ್ಟಿದ್ದರು. ಕೊನೆಯಲ್ಲಿ ಕೈ ಎತ್ತಿ ನಾಯಕನನ್ನು ಆರಿಸುವುದು. ಆರಿಸಿ ಬಂದವರಿಗೆ ಕೆಂಪು ಜಾಕೆಟ್ಟು, ಒಂದು ಸೀಟಿ. ರಾಯರಿಗೆ ಮುಂದಿನ ತಿಂಗಳು ನಿವೃತ್ತಿ. ಕಚೇರಿಯಲ್ಲಿ ಅವರ ಒಂದು ಮಾತಿಗೆ ಜನ ಸಾಲು ನಿಲ್ಲುತ್ತಿದ್ದರು, ಬೀದಿಯಲ್ಲೋ ನಾಯಿಯೂ ತಿರುಗಿ ನೋಡುತ್ತಿರಲಿಲ್ಲ. ಇನ್ನು ಮುಂದೆ ತಮ್ಮ ಮಾತು ಕೇಳುವವರು ಯಾರು ಎಂಬ ಚಿಂತೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಆ ಸೀಟಿ ಬೇಕೇ ಬೇಕಿತ್ತು.

ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ನಡೆಸುವ ಅವರ ಹೆಂಡತಿ ಮಿಷನ್ನಿನಿಂದ ತಲೆ ಎತ್ತದೆ ಹೇಳಿದರು: "ಆ ಗೂಟದಲ್ಲಿ ನಿಮ್ಮ ಕೊಡೆ ಇದೆ. ಮೊದಲು ಅದನ್ನ ತೆಗೀರಿ."

"ನೀನೂ ತರಬೇತಿಗೆ ಬರಬೇಕು ಕಣೇ."

"ನನಗೆ ಹನ್ನೆರಡು ರವಿಕೆ ಬಾಕಿ ಇದೆ. ನಾನ್ಯಾಕೆ?"

"ಕೈ ಎತ್ತೋಕೆ! ಒಂದು ಓಟು ಅಂದ್ರೆ ಒಂದು ಓಟು."

"ಸರಿ, ನನ್ನ ಓಟು ನಿಮಗೇ. ಮಾತು ಕೊಟ್ಟೆ, ಸಾಕಾ?" ಎಂದರು ಆಕೆ.

ಮೊದಲ ಭಾನುವಾರ ಅಧಿಕಾರಿ ಶಾಲೆಯ ಹಾಲಿನಲ್ಲಿ ನಾಲ್ಕು ಬಣ್ಣದ ಚೀಟಿ ಎತ್ತಿ ಹಿಡಿದರು. "ಗಾಯಾಳು ಹತ್ತಾರು, ನಮ್ಮ ಕೈ ನಾಲ್ಕಾರು. ಅದಕ್ಕೇ ಈ ಚೀಟಿ. ಕೆಂಪು ಅಂದ್ರೆ ಜೀವಕ್ಕೆ ಅಪಾಯ, ಮೊದಲು ಹೊರಬೇಕು. ಹಳದಿ ಸ್ವಲ್ಪ ತಡೆಯುತ್ತೆ. ಹಸಿರು ಅಂದ್ರೆ ನಡೆಯೋಕೆ ಆಗುತ್ತೆ, ಅವರು ತಾವೇ ನಡ್ಕೊಂಡು ಹೋಗಬೇಕು. ಉಸಿರೇ ಇಲ್ಲದಿದ್ರೆ ಕಪ್ಪು. ಅವರನ್ನ ಬಿಟ್ಟು ಮುಂದೆ ಹೋಗಿ, ಎಲ್ಲರಿಗಿಂತ ಕೊನೆಗೆ ನೋಡೋಣ."

ಹೆಂಡತಿ ತಲೆದೂಗಿದರು. ಬೆಳಿಗ್ಗೆಯೇ ಬೇಕಾದ ಬಟ್ಟೆಗೆ ಒಂದು ಚೀಟಿ, ವಾರ ತಡೆಯುವುದಕ್ಕೆ ಇನ್ನೊಂದು, ಹೊಲಿದು ಪ್ರಯೋಜನವಿಲ್ಲದ್ದು ಚಿಂದಿ ಚೀಲಕ್ಕೆ: ಇದು ಆಕೆಯ ನಿತ್ಯದ ಕೆಲಸವೇ. ರಾಯರಿಗೆ ಮಾತ್ರ ಈ ಉಪದೇಶ ಕಿವಿಗೆ ಬೀಳಲಿಲ್ಲ. ಹಾಜರಿ ಹಾಳೆಯಲ್ಲಿ ಕ್ರಮಸಂಖ್ಯೆಯ ಖಾನೆಯೇ ಇಲ್ಲವೆಂಬ ಘೋರ ಅನ್ಯಾಯ ಕಣ್ಣಿಗೆ ಬಿದ್ದು, ಅವರು ಹಿಂದಿನ ಬೆಂಚಿನಲ್ಲಿ ಅಡಿಪಟ್ಟಿ ಹಿಡಿದು ಗೆರೆ ಎಳೆಯುತ್ತಿದ್ದರು.

ಎರಡನೇ ಭಾನುವಾರ ಅಣಕು ಭೂಕಂಪ. ಯಾರು ರಕ್ಷಕರು, ಯಾರು ಗಾಯಾಳುಗಳು ಎಂದು ಚೀಟಿ ಎತ್ತಿದರು. ಹೆಂಡತಿ ರಕ್ಷಕಿ, ಬಣ್ಣದ ಚೀಟಿ ಕಟ್ಟುವ ಕೆಲಸ. ರಾಯರು ಗಾಯಾಳು! ಅವರ ಮುಖ ಸಪ್ಪಗಾಯಿತು. ಆದರೆ ಕ್ಯಾಮೆರಾ ಹಿಡಿದು ನಿಂತಿದ್ದ ಪತ್ರಿಕೆಯವನನ್ನು ಕಂಡದ್ದೇ ತಲೆ ಓಡಿತು. ಯಾರಿಗೆ ಹೆಚ್ಚು ಪೆಟ್ಟೋ ಅವರನ್ನೇ ತಾನೇ ಮೊದಲು ಹೊರುವುದು? ಸ್ಟ್ರೆಚರ್ ಮೇಲೆ ಮಲಗಿದ್ದುಕೊಂಡೇ ಎಲ್ಲರಿಗೂ ಧೈರ್ಯ ತುಂಬಿದ ಧೀರ ಎಂದು ಫೋಟೋ ಬರುತ್ತದೆ, ಆಮೇಲೆ ಜೇಬಿನಲ್ಲಿರುವ ಭಾಷಣ ಓದಿದರೆ ಜಾಕೆಟ್ಟು ತಮ್ಮದೇ!

ಗಾಯಾಳುಗಳಿಗೆ ಒಂದೊಂದು ಕಾರ್ಡು ಕೊಟ್ಟು, "ನಿಮಗೇನಾಗಿದೆ ಅಂತ ನೀವೇ ತುಂಬ್ಕೊಳ್ಳಿ" ಎಂದರು ಅಧಿಕಾರಿ. ಪಕ್ಕದ ಬೇಕರಿಯವನು ಕಾಲು ಉಳುಕಿದೆ, ಎದ್ದು ನಿಲ್ಲೋಕಾಗಲ್ಲ ಎಂದಷ್ಟೇ ಬರೆದು ಮಲಗಿಬಿಟ್ಟ. ರಾಯರಿಗೆ ಅಯ್ಯೋ ಎನಿಸಿತು. ಇಷ್ಟು ಖಾನೆ ಖಾಲಿ ಬಿಡುವುದೇ! ತಾವು ಶ್ರದ್ಧೆಯಿಂದ ಕೂತು ತುಂಬಿದರು. ತಲೆ: ಒಡೆದಿದೆ. ಪಕ್ಕೆಲುಬು: ಮುರಿದಿದೆ. ಕಾಲು: ಎರಡೂ. ರಕ್ತಸ್ರಾವ: ಧಾರಾಳ. ಉಸಿರಾಟದ ಖಾನೆಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. 'ಇದೆ' ಎಂದರೆ ಕೇಸು ದುರ್ಬಲವಾದೀತು! 'ಇಲ್ಲ' ಎಂದು ಬರೆದರು. ನಾಡಿಗೂ ಅದೇ. 'ಇತರೆ' ಎಂಬಲ್ಲಿ ಹಲ್ಲುನೋವು ಎಂದು ಸೇರಿಸಿ, ಕೆಳಗೆ ದಿನಾಂಕ ಸಹಿತ ರುಜು ಹಾಕಿ, ಮೆಟ್ಟಿಲ ಕೆಳಗೆ ಅಂಗಾತ ಬಿದ್ದುಕೊಂಡರು.

ಸೈರನ್ ಕೂಗಿತು. ಹೆಂಡತಿ ಓಡಿ ಬಂದವರೇ ಕಾರ್ಡು ಓದಿದರು. ಕೈ ಸ್ವಲ್ಪ ತಡೆಯಿತು. ಆಮೇಲೆ ಕಪ್ಪು ಚೀಟಿ ತೆಗೆದು ಗಂಡನ ಕಾಲಿನ ಹೆಬ್ಬೆರಳಿಗೆ ಬಿಗಿಯಾಗಿ ಗಂಟು ಹಾಕಿದರು.

"ಏನೇ ಇದು ಕಪ್ಪು? ಕೆಂಪು ಕಟ್ಟು!"

"ಕಪ್ಪೇ ರೀ. ಉಸಿರಿಲ್ಲವಲ್ಲ."

"ನಿನ್ನ ಜೊತೆ ಮಾತಾಡ್ತಾ ಇದೀನಿ ಕಣೇ!"

"ಬಾಯಿಮಾತು ನಡೆಯಲ್ಲ. ಕಾಗದದಲ್ಲಿ ಇಲ್ಲ ಅಂತಿದೆ, ನಿಮ್ಮದೇ ರುಜು."

"ಅಲ್ಲಿ ಹೆಣ ಯಾಕೆ ಕೂಗಾಡ್ತಿದೆ?" ಎಂದು ದೂರದಿಂದ ಅಧಿಕಾರಿ ಗದರಿಸಿದರು. ಹೆಂಡತಿ ಬಿಳಿ ಬಟ್ಟೆ ಎಳೆದು ಮುಖ ಮುಚ್ಚಿ ಮುಂದಿನವರ ಕಡೆ ಓಡಿದರು.

ಬಟ್ಟೆಯೊಳಗೆ ಸೆಕೆ. ಕಿವಿಯ ಹತ್ತಿರ ಇರುವೆ. ಬೇಕರಿಯವನ ಉಳುಕಿದ ಕಾಲನ್ನು ನಾಲ್ಕು ಜನ ರಾಜಮರ್ಯಾದೆಯಿಂದ ಹೊತ್ತು ಹೋದದ್ದು, ಕ್ಯಾಮೆರಾ ಟಿಕ್ಕೆಂದದ್ದು ಎಲ್ಲ ರಾಯರಿಗೆ ಕೇಳಿಸಿತು. ಕಪ್ಪು ಚೀಟಿಯವರನ್ನು ಕೊನೆಗೆ ನೋಡುವುದು ತಾನೇ? ಕೊನೆಗೆ ಎಲ್ಲರೂ ಅವರನ್ನು ಮರೆತು ಹಾಲಿನ ನಡುವೆ ಕುರ್ಚಿ ಎಳೆದುಕೊಂಡು ಕೂತರು.

"ಏಳೇ ನಿಮಿಷ, ಹನ್ನೊಂದು ಗಾಯಾಳು, ಒಂದು ಚೀಟಿಯೂ ತಪ್ಪಿಲ್ಲ!" ಅಧಿಕಾರಿ ಹೊಗಳುತ್ತಿದ್ದರು. "ಸ್ವಂತ ಯಜಮಾನರಿಗೂ ಮುಲಾಜು ನೋಡಲಿಲ್ಲ ಈ ತಾಯಿ. ಇವರೇ ನಾಯಕಿ ಆಗಲಿ ಅನ್ನೋರು ಕೈ ಎತ್ತಿ."

ಹಾಲಿಗೆ ಹಾಲೇ ಕೈ ಎತ್ತಿತು. ಹೆಂಡತಿ ಮಾತ್ರ ಎತ್ತಲಿಲ್ಲ. "ನನ್ನ ಓಟು ನಮ್ಮನೆಯವರಿಗೆ ಅಂತ ಮಾತು ಕೊಟ್ಟಿದ್ದೀನಿ" ಎಂದರು.

ಮೆಟ್ಟಿಲ ಕೆಳಗಿನ ಬಿಳಿ ಬಟ್ಟೆ ಧಡಾರನೆ ಎದ್ದು ಕೂತು, ಒಳಗಿಂದ ಭಾಷಣದ ಹಾಳೆ ಸಮೇತ ಒಂದು ಕೈ ಮೇಲೆದ್ದಿತು. "ನನ್ನದೂ ಒಂದು ಓಟು! ನನಗೇ!"

"ಸತ್ತವರು ಓಟು ಹಾಕಿದ್ದನ್ನ ಕೇಳಿದ್ದೀನಿ ಸಾರ್" ಎಂದರು ಅಧಿಕಾರಿ, "ಚುನಾವಣೆಗೆ ನಿಂತಿದ್ದು ಇದೇ ಮೊದಲು. ಮಲಗಿ."

ಸಂಜೆ ಆ ಗೂಟದಲ್ಲಿ ಕೆಂಪು ಜಾಕೆಟ್ಟು ನೇತಾಡುತ್ತಿತ್ತು. ರಾಯರ ಮಾತು ಸುಳ್ಳಾಗಲಿಲ್ಲ. ಅವರು ಕುರ್ಚಿಯಲ್ಲಿ ಕುಸಿದು, ಇನ್ನು ಈ ಜನ್ಮದಲ್ಲಿ ತಮ್ಮ ಮಾತು ಕೇಳುವವರಿಲ್ಲ ಎಂದು ನಿಟ್ಟುಸಿರು ಬಿಟ್ಟರು. ಹೆಂಡತಿ ಆಗಲೇ ಬಾಕಿ ರವಿಕೆಗಳ ಮುಂದೆ ಕೂತಾಗಿತ್ತು.

"ತಲೆ ಸಿಡೀತಿದೆ ಕಣೇ. ಒಂದು ಲೋಟ ಚಹಾ ಕೊಡು."

ಹೆಂಡತಿ ಎದ್ದು ಬಂದರು. ಮಣಿಕಟ್ಟು ಹಿಡಿದು ನಾಡಿ ನೋಡಿದರು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದರು. ಆಮೇಲೆ ಜಾಕೆಟ್ಟಿನ ಜೇಬಿನಿಂದ ಒಂದು ಚೀಟಿ ತೆಗೆದು ಅದೇ ಹೆಬ್ಬೆರಳಿಗೆ ಕಟ್ಟಿದರು.

ರಾಯರು ಬಗ್ಗಿ ನೋಡಿದರೆ ಹಸಿರು!

"ಇದೇನೇ?"

"ಬದುಕಿದ್ದೀರಿ, ನಡೆಯೋಕೂ ಆಗುತ್ತೆ" ಎಂದು ಹೆಂಡತಿ ಸೀಟಿ ಬಾಯಿಯ ಹತ್ತಿರ ತಂದರು. "ಅಡುಗೆಮನೆ ಆ ಕಡೆ. ನನಗೂ ಒಂದು ಲೋಟ!"